ಗಾಡಿಮನಿಯ ದೀಪ ನೋಡಲು ಬಂದವನು

ಸತ್ತವರ ಬಗ್ಗೆ ಬಹುವಚನದಲ್ಲಿ ಬರೆಯಬೇಕಂತೆ. ಬದುಕಿದ್ದಾಗ ಈ ಮನುಷ್ಯನನ್ನು ಎದುರಿಗೆ 'ರೀ' ಹಚ್ಚಿಯೇ ಮಾತಾಡಿಸಿದ್ದೇನೆ. ಬೆನ್ನ ಹಿಂದೆ 'ಅವನು' ಅಂದಿದ್ದೇನೆ. ಇಲ್ಲೂ ಹಾಗೇ ಇರಲಿ. ಹೆಸರು ಹಾಕುವುದಿಲ್ಲ, ಹೆಸರು ನನಗೆ ಗೊತ್ತೂ ಇಲ್ಲ. ಬೆಳಗಾವಿಯ ಆಟೋ ನಗರದಲ್ಲಿ ಎಲ್ಲರೂ ವಾಯರಮನ್ ಕಾಕಾ ಅನ್ನುತ್ತಿದ್ದರು. ಗಾಡಿಗಳ ದೀಪ, ಹಾರ್ನು, ಬ್ಯಾಟರಿ ನೋಡುವ ಕೆಲಸ.

ಮೊನ್ನೆ ಮಗ ಗಾಡಿಗೆ ಟೈರು ಹಾಕಿಸಲು ಹೊರಟಾಗ ನಾನೂ ಹೋದೆ. ವಾಯರಮನ್‌ನ ಅಂಗಡಿಯ ಶಟರ್ ಇಳಿದಿತ್ತು. ಬಾಜೂಕಿನ ಪಂಕ್ಚರಿನವನನ್ನು ಕೇಳಿದೆ.

"ಕಾಕಾ ಎಲ್ಲಿ? ಊರಿಗೆ ಹೋಗ್ಯಾರೇನು?"

"ಹೋದ್ರಲ್ಲ ಆಯಿ. ತಿಂಗಳಾತು. ಮುಂಜಾನೆ ಚಾ ಕುಡದು ಸ್ಟೂಲ್ ಮ್ಯಾಲ ಕುಂತಿದ್ರು. ಹಂಗ ಕುಂತಬಿಟ್ರು."

ಲಿಂಗ ಕಟ್ಟುವ ಅವರ ಮಂದಿಯನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಕೂತೇ ಹೋದದ್ದರಿಂದ ಹೊತ್ತವರಿಗೆ ಒಂದು ತ್ರಾಸು ತಪ್ಪಿರಬೇಕು. ನನಗೆ ಅಳು ಬರಲಿಲ್ಲ. ಈ ವಯಸ್ಸಿನಲ್ಲಿ ಸತ್ತವರಿಗೆಲ್ಲ ಅಳುತ್ತ ಕೂತರೆ ಕುರಿ ಕಾಯುವವರು ಯಾರು? ಆದರೆ ಆ ಶಟರಿನ ಮುಂದೆ ನಿಂತೆ. ಮಗ ಎರಡು ಸಲ ಹಾರ್ನ್ ಹೊಡೆದರೂ ನಿಂತೇ ಇದ್ದೆ. ಗುಡಿಯ ಮುಂದೂ ನಾನು ಅಷ್ಟು ಹೊತ್ತು ನಿಂತವಳಲ್ಲ.

ನಮ್ಮದು ಕುರಿಯ ಬಾಳು. ಮಳೆಗಾಲ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಪಡುವಣಕ್ಕೆ ಬರುತ್ತೇವೆ. ಖಾನಾಪುರದ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ಕೂಡಿಸುತ್ತೇವೆ. ಗದ್ದೆಗೆ ಗೊಬ್ಬರ, ಕುರಿಗೆ ಮೇವು. ಮೊದಲು ನಮ್ಮ ಸಾಮಾನು ಕುದುರೆಯ ಮೇಲೆ ಹೋಗುತ್ತಿತ್ತು. ಈಗ ಪಿಕಪ್ ಗಾಡಿ ಇದೆ. ಮಗ ಬೆಳಗಾವಿ ಬಳಿಯ ಮಚ್ಛೆಯಲ್ಲಿ ಒಬ್ಬ ವೆಲ್ಡಿಂಗಿನವನ ಕಡೆಯಿಂದ ಅದರ ಬೆನ್ನ ಮೇಲೆ ಒಂದು ಮನೆ ಕಟ್ಟಿಸಿದ. ಕಬ್ಬಿಣದ ಚೌಕಟ್ಟು, ಪ್ಲೈವುಡ್ಡಿನ ಗೋಡೆ, ತಗಡಿನ ಮಾಳಿಗೆ. ಒಳಗೆ ಮಲಗಲು ಎರಡು ಹಲಗೆ. ಹಿಂದೆ ಬಾಗಿಲು. ಬಾಗಿಲ ಮೇಲೆ, ಹೊರಗಡೆ, ಒಂದು ದೀಪ. ನಾವು ಅದಕ್ಕೆ ಗಾಡಿಮನಿ ಅನ್ನುತ್ತೇವೆ.

ಆ ಹೊರಗಿನ ದೀಪ ಚೆಂದಕ್ಕೆ ಹಾಕಿಸಿದ್ದಲ್ಲ. ಕುರಿ ಹಗಲು ನೋಡಿಕೊಂಡು ಈಯುವುದಿಲ್ಲ. ಮರಿ ಅಡ್ಡ ಬಂದರೆ ಒಳಗೆ ಕೈ ಹಾಕಿ, ತಿರುಗಿಸಿ, ಎಳೆಯಬೇಕು. ನಮ್ಮ ಹಿಂಡಿನಲ್ಲಿ ಆ ಕೆಲಸ ನನ್ನದು. ಮಗನ ಕೈ ದೊಡ್ಡದು, ಹೋಗುವುದಿಲ್ಲ. ಎರಡು ಕೈಯ ಕೆಲಸ ಅದು. ನಾನೇ ಟಾರ್ಚ್ ಹಿಡಿದರೆ ಒಂದೇ ಕೈ ಉಳಿಯುತ್ತದೆ. ಸೊಸೆಗೆ ಕೊಟ್ಟರೆ ಅವಳ ಕಣ್ಣು ಹೋದ ಕಡೆ ಬೆಳಕೂ ಹೋಗುತ್ತದೆ.

ಎರಡು ವರ್ಷ ದೀಪ ಚೆನ್ನಾಗಿ ಉರಿಯಿತು. ಮೂರನೇ ವರ್ಷ, ನಲವತ್ತು ಕುರಿ ಗಬ್ಬ ಇದ್ದಾಗ, ಆರಿತು.

ಮಗ ಗಾಡಿಯನ್ನು ಆಟೋ ನಗರಕ್ಕೆ ಒಯ್ದ. ಒಬ್ಬ ಬಲ್ಬು ಬದಲಿಸಿ ಕೊಟ್ಟ. ಉರಿಯಿತು. ಖಾನಾಪುರಕ್ಕೆ ತಂದು ಎರಡು ದಿನಕ್ಕೆ ಆರಿತು. ಮತ್ತೆ ಒಯ್ದ. ಇನ್ನೊಬ್ಬ ಎರಡು ದಿನ ಇಟ್ಟುಕೊಂಡು ಸ್ವಿಚ್ಚಿನಿಂದ ದೀಪದ ತನಕ ಹೊಸ ತಂತಿ ಎಳೆದ. ಉರಿಯಿತು. ತಂದ ಮೇಲೆ ಮತ್ತೆ ಆರಿತು. ಅಷ್ಟರಲ್ಲಿ ನಾಲ್ಕು ಮರಿ ಸತ್ತವು. ಒಂದು ತಾಯಿಯೂ ಹೋಯಿತು. ಅದರೊಳಗೆ ಎರಡು ಮರಿಗಳ ಕಾಲು ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಯಾವ ಕಾಲು ಯಾವ ಮರಿಯದು ಎಂದು ನನಗೆ ಕಾಣಲಿಲ್ಲ. ತಪ್ಪು ಕಾಲು ಎಳೆದೆ.

ಯಾರದೋ ಕಣ್ಣು ಬಿದ್ದಿದೆ ಅಂದರು. ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಹೊಸ್ತಿಲ ಪೂಜೆಯನ್ನೂ ಹೆಚ್ಚಿಸಿದೆ. ಮುಂಜಾನೆ ಒಮ್ಮೆ ಮಾಡುತ್ತಿದ್ದವಳು ಸಂಜೆಯೂ ಮಾಡತೊಡಗಿದೆ. ದೀಪ ಇನ್ನೂ ಬೇಗ ಆರತೊಡಗಿತು.

ಮೂರನೇ ಸಲ ನಾನೇ ಗಾಡಿಯಲ್ಲಿ ಕೂತು ಹೋದೆ. ಯಾರೋ ವಾಯರಮನ್ ಕಾಕಾನ ಅಂಗಡಿ ತೋರಿಸಿದರು. ಅರವತ್ತು ದಾಟಿದ ಸಣ್ಣ ಆಳು. ಖಾಕಿ ಅಂಗಿ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರಲ್ಲಿ ಲಿಂಗ. ಬ್ಯಾಟರಿಯ ಮೇಲೆ ಬಗ್ಗುವ ಮೊದಲು ಅದನ್ನು ಅಂಗಿಯೊಳಗೆ ಇಳಿಸಿ ಗುಂಡಿ ಹಾಕಿಕೊಳ್ಳುತ್ತಿದ್ದ. ಬೆಳ್ಳಿ ತಾಗಿದರೆ ಕಿಡಿ ಹಾರುತ್ತದಂತೆ. ನಾವು ಅಲ್ಲಿ ಅರ್ಧ ದಿನ ಕಾದೆವು. ನಮಗಿಂತ ಮೊದಲು ಟಿಳಕವಾಡಿಯ ಒಬ್ಬ ಬಿಳಿ ಅಂಗಿಯವನು ಜೀಪು ತಂದಿದ್ದ.

"ಹಿಂದಿನ ಲೈಟ್ ಹೋಗೈತಿ. ಬಲ್ಬ ಬದಲಿ ಮಾಡ್ರಿ, ಸಾಕು. ಗಡಬಡಿ ಐತಿ," ಅಂದ.

"ಯಾಕ ಹೋತು?"

"ನನಗೇನ ಗೊತ್ರಿ? ಬಲ್ಬ ಹಾಕ್ರಿ ಅಂದ್ರ ಹಾಕ್ರಿ."

"ಬಲ್ಬ ಬೇಕಂದ್ರ ಆ ಮೂಲಿ ಅಂಗಡ್ಯಾಗ ಸಿಗತಾವು ನೋಡ್ರಿ. ಹೋಗಿ ತಗೋರಿ. ಇಲ್ಲಿ ರೋಗ ನೋಡ್ತೀವಿ."

ಬಿಳಿ ಅಂಗಿಯವನು ಸಿಟ್ಟಿನಿಂದ ಹೋದ. ಕಾಲು ತಾಸಿಗೆ ಹಿಂದಿರುಗಿ ಬಂದು ಸುಮ್ಮನೆ ಬೆಂಚಿನ ಮೇಲೆ ಕೂತ. ವಾಯರಮನ್ ಅವನ ಕಡೆ ನೋಡಲೂ ಇಲ್ಲ, ಜೀಪಿನ ಕೆಳಗೆ ತೂರಿದ. ಅವನು ನಟ್ಟುಗಳಿಗೆ ಮರಾಠಿಯಲ್ಲಿ ಬೈಯುತ್ತಿದ್ದ, ತಂತಿಗಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದ. ಪಂಕ್ಚರಿನವನು ನನಗೆ ಕೇಳಿಸಲೆಂದೇ ಕೂಗಿದ:

"ಕಾಕಾ, ನಟ್ಟಿಗೆ ಕನ್ನಡ ತಿಳಿಯಾಂಗಿಲ್ಲೇನು?"

"ತಿಳೀತೈತಿ. ಆದ್ರ ಮರ್ಯಾದಿ ಕೊಟ್ಟಂಗ ಆಗತೈತಿ."

ನಮ್ಮ ಸರದಿ ಬಂತು. ಮಗ ಸ್ವಿಚ್ ಒತ್ತಿದ. ದೀಪ ಭಗ್ಗನೆ ಹತ್ತಿತು.

"ಉರೀತೈತಲ್ಲ," ಅಂದ ವಾಯರಮನ್.

"ಇಲ್ಲಿ ಉರೀತೈತಿ ಕಾಕಾ. ಖಾನಾಪುರಕ್ಕ ಹೋದ್ರ ಆರತೈತಿ."

"ಹಂಗಾರ ರೋಗ ಖಾನಾಪುರದಾಗ ಐತಿ. ಇಲ್ಲಿ ಏನ ನೋಡ್ಲಿ?"

ನನಗೆ ರೇಗಿತು. "ಮೂರು ಸಲ ಗಾಡಿ ತಂದೀವಿ ಅಣ್ಣಾರ. ಅಲ್ಲಿ ಮರಿ ಸಾಯಾಕತ್ತಾವು. ನಿಮಗ ಬರಾಂಗಿಲ್ಲ ಅಂದ್ರ ಬರಾಂಗಿಲ್ಲ ಅನ್ರಿ. ಒಣಾ ಮಾತ ಬ್ಯಾಡ."

ಅವನು ನನ್ನ ಕಡೆ ತಿರುಗಿದ. ಸಿಟ್ಟಾಗಲಿಲ್ಲ. "ನಾ ಈಗ ನಾಕ ತಂತಿ ಜಗ್ಗಿದ್ರ ಇನ್ನೂ ಛಲೋ ಉರೀತೈತಿ ಅಕ್ಕಾರ. ನೀವು ಖುಷಿಲೆ ಹೋಗ್ತೀರಿ. ಎರಡ ದಿನಕ್ಕ ಮತ್ತ ಆರತೈತಿ. ಹಂಗ ಮಾಡ್ಲೇನು?"

"ಮತ್ತೇನ ಮಾಡೂದು?"

"ಆರಿದ ದಿನ ಫೋನ್ ಮಾಡ್ರಿ. ಯಾರೂ ಅದನ್ನ ಮುಟ್ಟಬ್ಯಾಡ್ರಿ. ನಾ ಬರ್ತೀನಿ."

ಮಗ ದಾರಿಯುದ್ದಕ್ಕೂ ನಕ್ಕ. ಕೆಟ್ಟ ಗಾಡಿ ವಾಯರಮನ್‌ನ ಕಡೆ ಹೋಗುವುದು ಲೋಕದ ರೀತಿ, ವಾಯರಮನ್ ಗಾಡಿಯ ಕಡೆ ಬರುವುದನ್ನು ಯಾರು ಕಂಡಿದ್ದಾರೆ ಅಂದ. ನಾನೂ ನಂಬಲಿಲ್ಲ. ಮೂರನೇ ದಿನ ಸಂಜೆ ದೀಪ ಆರಿತು. ಮಗ ಫೋನ್ ಮಾಡಿದ. ಮರುದಿನ ಮುಂಜಾನೆಯ ಬಸ್ಸಿಗೆ ಖಾನಾಪುರದಲ್ಲಿ ಇಳಿದು, ಹೆಗಲಿಗೆ ಚೀಲ ಹಾಕಿಕೊಂಡು, ಗದ್ದೆಯ ಬದುವಿನ ಮೇಲೆ ಅವನು ನಡೆದು ಬಂದ. ನಮ್ಮ ನಾಯಿಗಳು ಅವನ ಸುತ್ತ ಬೊಗಳುತ್ತಿದ್ದವು. ಅವನು ಅವಕ್ಕೆ ಮರಾಠಿಯಲ್ಲಿ ಬೈಯುತ್ತಿದ್ದ.

ಬಂದವನು ನಟ್ಟು ಬಿಚ್ಚುವ ಪಾನಾ ತೆಗೆಯುತ್ತಾನೆ ಅಂದುಕೊಂಡಿದ್ದೆ. ತೆಗೆಯಲಿಲ್ಲ. ಗಾಡಿಯ ಸುತ್ತ ಎರಡು ಸಲ ನಡೆದ. ನಂತರ ಚೀಲದಿಂದ ಒಂದು ಸಣ್ಣ ಬಲ್ಬು ತೆಗೆದ. ಅದಕ್ಕೆ ಎರಡು ತಂತಿ. ಒಂದರ ತುದಿಗೆ ಚಿಮಟ, ಇನ್ನೊಂದರ ತುದಿಗೆ ಗೋಣಿಚೀಲ ಹೊಲಿಯುವ ದಬ್ಬಣ. ಚಿಮಟವನ್ನು ಗಾಡಿಯ ಕಬ್ಬಿಣಕ್ಕೆ ಕಚ್ಚಿಸಿ, ನಮ್ಮ ದೀಪಕ್ಕೆ ಬರುವ ತಂತಿಗೆ ದಬ್ಬಣ ಚುಚ್ಚಿದ. ಅವನ ಸಣ್ಣ ಬಲ್ಬು ಹತ್ತಿತು.

"ಕರೆಂಟ್ ಬರಾಕತ್ತೈತಿ," ಅಂದ.

"ಬರಾಕತ್ತಿದ್ರ ನಮ್ಮದ್ಯಾಕ ಹತ್ತವಲ್ದು?" ಅಂದೆ.

"ಬಂದ್ರ ಸಾಲದು ಅಕ್ಕಾರ. ದೀಪದಾಗ ಹಾದು ಹೊಳ್ಳಿ ಬ್ಯಾಟರಿಗೆ ಹೋಗಬೇಕು. ಬೀಗರು ಬಂದ್ರ ಹೊಳ್ಳಿ ಕಳಿಸಾಕ ದಾರಿ ಬೇಕಲ್ಲ? ಇಲ್ಲಂದ್ರ ಇನ್ನೊಬ್ಬರು ಎಲ್ಲಿಂದ ಬರಬೇಕು?"

ನನ್ನ ಇಷ್ಟು ವರ್ಷದ ಬಾಳಿನಲ್ಲಿ ಕರೆಂಟು ಅಂದರೆ ಏನೆಂದು ಯಾರೂ ನನಗೆ ಹೇಳಿರಲಿಲ್ಲ. ಅವನು ಬೀಗರನ್ನು ತಂದು ಹೇಳಿದ, ತಿಳಿಯಿತು.

ಅವನು ಬ್ಯಾಟರಿಯಿಂದ ಒಂದು ಉದ್ದ ತಂತಿ ತಂದು ದೀಪದ ಇನ್ನೊಂದು ಕಡೆಗೆ ತಾಗಿಸಿದ. ದೀಪ ಹತ್ತಿತು. ತೆಗೆದ, ಆರಿತು. "ಬರೂ ದಾರಿ ಛಲೋ ಐತಿ. ಹೋಗೂ ದಾರಿ ಎಲ್ಲೋ ಕಟ್ಟೈತಿ," ಅಂದ. ಆಟೋ ನಗರದಲ್ಲಿ ಹಿಂದೆ ನೋಡಿದ ಇಬ್ಬರೂ ಬರುವ ದಾರಿಯನ್ನೇ ರಿಪೇರಿ ಮಾಡಿದ್ದರು. ನಡುವೆ ಒಂದು ಕಡೆ ನನ್ನ ಮಗ ಎರಡು ತಂತಿ ಹೊಸೆದು ಟೇಪು ಸುತ್ತಿದ್ದ. ವಾಯರಮನ್ ಅದನ್ನು ನೋಡಿ ಮಗನನ್ನು ಕರೆದ.

"ಇದನ್ನ ಯಾರ ಸುತ್ಯಾರ?"

"ನಾನ ಕಾಕಾ."

"ಗಾಯಕ್ಕ ಕಟ್ಟೀಯೋ, ಹೆಣಕ್ಕ ಕಟ್ಟೀಯೋ?" ಮಗ ಆಮೇಲೆ ಅರ್ಧ ತಾಸು ಕುರಿಯ ಕಡೆಯೇ ಇದ್ದ.

ಹಿಂದಿರುಗುವ ತಂತಿ ಬಾಗಿಲಿನ ಚೌಕಟ್ಟಿನ ಗುಂಟ ಕೆಳಗೆ ಇಳಿದು ಹೊಸ್ತಿಲ ಹತ್ತಿರ ಕಾಣೆಯಾಗಿತ್ತು. ಬೇರೆಯವನಾಗಿದ್ದರೆ ಪ್ಲೈವುಡ್ ಹರಿದು ಹಾಕುತ್ತಿದ್ದ. ಅವನು ಕೈ ಒರೆಸಿಕೊಂಡು ಕಲ್ಲಿನ ಮೇಲೆ ಕೂತ. ಚಹಾ ಕೊಟ್ಟೆ. ಮಗನನ್ನು ಏನೂ ಕೇಳಲಿಲ್ಲ, ನನ್ನನ್ನು ಕೇಳಿದ.

"ಅಕ್ಕಾರ, ದಿನಾ ಎದ್ದಕೂಡಲೇ ಏನೇನ ಮಾಡ್ತೀರಿ? ಒಂದೊಂದ ಹೇಳ್ರಿ."

"ಅದನ್ಯಾಕ ಕೇಳ್ತೀರಿ? ಗಾಡಿ ಓಡಸಾಂವ ಅಂವ ಅದಾನಲ್ಲ."

"ಓಡಸಾಂವಗ ಗಾಡಿ ಗೊತ್ತು. ಮನಿ ಗೊತ್ತಿರೂದು ನಿಮಗ."

ಹೇಳಿದೆ. ಏಳುತ್ತೇನೆ. ಗಾಡಿಮನಿಯೊಳಗೆ ಕಸ ಹೊಡೆಯುತ್ತೇನೆ. ಹೊಸ್ತಿಲಿಗೆ ನೀರು ಹಾಕಿ ತೊಳೆಯುತ್ತೇನೆ. ಸಗಣಿ ಸಾರಿಸುತ್ತೇನೆ. ಭಂಡಾರದ ಅರಿಶಿನ, ಕುಂಕುಮ, ಎಣ್ಣೆ ಹಚ್ಚುತ್ತೇನೆ. ಹೊಸ್ತಿಲ ನಡುವೆ ಒಂದು ದುಂಡನೆಯ ಬೋಲ್ಟಿನ ತಲೆ ಎದ್ದಿತ್ತು. ಗಾಡಿಮನಿ ಬಂದ ದಿನವೇ ಅದು ನನಗೆ ದೇವರ ಹಾಗೆ ಕಂಡಿತ್ತು. ಅದಕ್ಕೇ ಹೆಚ್ಚು ಹಚ್ಚುತ್ತಿದ್ದೆ.

"ಎಷ್ಟ ನೀರ ಹಾಕ್ತೀರಿ?"

"ಒಂದ ತಂಬಿಗಿ. ದೀಪ ಆರಾಕತ್ತ ಮ್ಯಾಲ ಸಂಜಿಕೂ ಒಂದು."

"ಆಟೋ ನಗರಕ್ಕ ಬಂದಾಗ?"

"ಅಲ್ಲಿ ಎಲ್ಲಿ ಹೊಸ್ತಿಲ ತೊಳೀಲಿ? ಗಾಡಿ ನಿಮ್ಮ ಮಂದಿ ಅಂಗಡ್ಯಾಗ ಇರತಿತ್ತು, ನಾ ಇಲ್ಲಿ ಇರತಿದ್ದೆ."

ಹೇಳಿ ಮುಗಿಸುವ ಹೊತ್ತಿಗೆ ನನ್ನ ಕಣ್ಣು ತಾನೇ ಹೊಸ್ತಿಲ ಕಡೆ ಹೋಯಿತು. ಅವನು ಚಹಾದ ಬಟ್ಟಲು ಕೆಳಗಿಟ್ಟು ಹೊಸ್ತಿಲ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಪಾನಾ ಕೈಯಲ್ಲಿ ಹಿಡಿದು ತಿರುಗಿ ನೋಡಿದ.

"ಪಾನಾ ಹಚ್ಚಲೇನು? ನಿಮ್ಮ ದೇವರದು."

"ಹಚ್ರಿ. ಕಬ್ಬಿಣಕ್ಕೇನ ನೋವ ಆಗತೈತಿ?"

ಮೊದಲು ಒಂದು ಅರಿವೆ ಹಾಸಿದ. ಎರಡು ವರ್ಷದ ಭಂಡಾರ, ಕುಂಕುಮ, ಸಗಣಿ, ಎಣ್ಣೆ ಮರದ ತೊಗಟೆಯಂತೆ ಗಟ್ಟಿಯಾಗಿ ಕೂತಿತ್ತು. ಚಾಕುವಿನಿಂದ ಕೆರೆದು, ಒಂದು ಚೂರೂ ನೆಲಕ್ಕೆ ಬೀಳದ ಹಾಗೆ ಅರಿವೆಯ ಮೇಲೆ ಹಾಕಿದ. ಆಮೇಲೆ ಬೋಲ್ಟು ತೆಗೆದ. ಅದರ ಕೆಳಗೆ ತಂತಿಯ ಉಂಗುರ ಇತ್ತು. ಉಂಗುರ ಅನ್ನುವುದು ಬಾಯಿಮಾತಿಗೆ. ಹಸಿರು ಕಿಲುಬು, ಕೆಂಪು ತುಕ್ಕು, ನಡುವೆ ಅರಿಶಿನದ ಕೆಸರು. ದೀಪದಿಂದ ಹೋಗುವ ಕರೆಂಟು ಗಾಡಿಯ ಕಬ್ಬಿಣಕ್ಕೆ ಇಳಿಯುತ್ತಿದ್ದದ್ದೇ ಅಲ್ಲಿ. ನಾನು ನೀರು ಹಾಕಿದಾಗ ಕೆಸರು ಉಂಗುರದ ಕೆಳಗೆ ತುಂಬಿ ಅದನ್ನು ಕಬ್ಬಿಣದಿಂದ ಬಿಡಿಸುತ್ತಿತ್ತು. ಆಟೋ ನಗರಕ್ಕೆ ಹೋಗುವಾಗ ಬಿಸಿಲಿಗೆ ಒಣಗಿ, ರಸ್ತೆಯ ತಗ್ಗುಗಳಿಗೆ ಅಲುಗಾಡಿ ಮತ್ತೆ ಕೂಡುತ್ತಿತ್ತು. ದೀಪ ಆರಿದಷ್ಟೂ ನಾನು ಪೂಜೆ ಮಾಡಿದೆ. ಪೂಜೆ ಮಾಡಿದಷ್ಟೂ ದೀಪ ಆರಿತು.

ಮಗನಿಗೆ ನಗು ತಡೆಯಲಿಲ್ಲ. "ಅಯ್ ಯವ್ವಾ! ಮಂದೀದು ಕಣ್ಣ ಬಿದ್ದೈತಿ ಅಂತಿದ್ದಿ, ನಿಂದ ಬಿದ್ದಿತ್ತಲ್ಲ!"

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ನಾಲ್ಕು ಮರಿ, ಒಂದು ತಾಯಿ. ನನ್ನ ಕೈಯಿಂದಲೇ. ವಾಯರಮನ್ ತಲೆ ಎತ್ತದೆಯೇ ಹೇಳಿದ:

"ಯಾಕೋ, ಹಲ್ಲ ಕಿಸೀತಿ? ನಿಮ್ಮವ್ವ ಇದನ್ನ ಮನಿ ಅಂತ ತಿಳದಾಳ. ಮನಿ ಅಂದ್ರ ಹೊಸ್ತಿಲ ಇರತೈತಿ, ಹೊಸ್ತಿಲಂದ್ರ ನೀರ ಬೀಳತೈತಿ. ಕಟ್ಟಿದಾಂವ ಬರೇ ಗಾಡಿ ಅಂತ ತಿಳದು ಇಲ್ಲಿ ತಂತಿ ಇಟ್ಟಾನ. ಮನಿ ಕಟ್ಟೂ ಮಂದಿಗೆ ಹೊಸ್ತಿಲ ಗೊತ್ತಿರಬೇಕು. ತಪ್ಪ ಅವಂದು."

ಇದನ್ನು ಅವನು ನನ್ನನ್ನು ಸಮಾಧಾನ ಮಾಡಲು ಹೇಳಲಿಲ್ಲ. ತಂತಿಯ ತಪ್ಪು ಹುಡುಕಿದ ಹಾಗೇ ಈ ತಪ್ಪನ್ನೂ ಹುಡುಕಿ, ಎಲ್ಲಿದೆಯೋ ಅಲ್ಲಿ ಬೊಟ್ಟು ಇಟ್ಟ. ಗುರುಗಳು, ಸ್ವಾಮಿಗಳು, ಪಂಚರು, ಎಲ್ಲರ ನ್ಯಾಯವನ್ನೂ ನಾನು ಕಂಡಿದ್ದೇನೆ. ಹೀಗೆ ಕುಕ್ಕರುಗಾಲಲ್ಲಿ ಕೂತು, ಬಾಯಲ್ಲಿ ಸ್ಕ್ರೂ ಹಿಡಿದುಕೊಂಡು ನ್ಯಾಯ ಹೇಳಿದವನನ್ನು ಕಾಣಲಿಲ್ಲ. ನನ್ನ ತಲೆ ತಾನಾಗಿ ಬಾಗಿತು.

ಅರಿವೆಯ ಮೇಲಿನ ಪುಡಿಯನ್ನು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟ. "ಯಾರ ಕಾಲೂ ಬೀಳದಲ್ಲಿ ಹಾಕ್ರಿ." ಅವನಿಗೆ ಬೋಲ್ಟಿನ ದೇವರ ಮೇಲೆ ನಂಬಿಕೆ ಇರಲಿಲ್ಲ. ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ಗಂಟು ಕಟ್ಟಿದ.

ಹೊಸ ತಂತಿಯನ್ನು ಹೊಸ್ತಿಲ ಕಡೆ ತರಲೇ ಇಲ್ಲ. ದೀಪದಿಂದ ಮಾಳಿಗೆಯ ಗುಂಟ ಒಯ್ದು, ಬಾಜೂಕಿನಿಂದ ಇಳಿಸಿ, ಗಾಡಿಯ ಚಾಸಿಯ ಕಬ್ಬಿಣಕ್ಕೆ ಬೇರೆ ಬೋಲ್ಟು ಹಾಕಿದ. ಹಾಕುವ ಮೊದಲು ಅಲ್ಲಿನ ಬಣ್ಣ ಉಜ್ಜಿದ. ಮಸೆದ ಕುಡಗೋಲಿನಂತೆ ಕಬ್ಬಿಣ ಹೊಳೆಯುವ ತನಕ ಉಜ್ಜಿದ. ಸಾಕು ಅನ್ನಿಸಿತು ನನಗೆ. ಅವನಿಗೆ ಅನ್ನಿಸಲಿಲ್ಲ. ಬೆರಳು ಆಡಿಸಿ ನೋಡಿ ಮತ್ತೆ ಉಜ್ಜಿದ. ಬಿಗಿದ ಮೇಲೆ ನೀರು ಹೋಗದಂತೆ ಮೇಲೆ ಗ್ರೀಸ್ ಮೆತ್ತಿದ. ಹೊಸ್ತಿಲಿನ ಹಳೆಯ ಬೋಲ್ಟನ್ನು ತಂತಿಯಿಲ್ಲದೆ, ಇದ್ದ ಜಾಗಕ್ಕೇ ತಿರುಗಿ ಕೂರಿಸಿದ.

"ಇದು ಯಾಕ ಮತ್ತ?" ಅಂದೆ.

"ನಿಮ್ಮ ಪೂಜಿಗೆ. ಕೆಲಸ ಮಾಡೂದು ಒಂದು ಇರಲಿ, ಪೂಜಿ ತಗೊಳ್ಳೂದು ಒಂದು ಇರಲಿ. ಎರಡೂ ಒಬ್ಬನ ಮ್ಯಾಲ ಹಾಕಿದ್ರ ಅಂವ ಎರಡೂ ಮಾಡಾಂಗಿಲ್ಲ."

"ನಿಮ್ಮ ದೇವರು?"

ಅಂಗಿಯ ಮೇಲಿಂದ ಕರಡಿಗೆ ಮುಟ್ಟಿಕೊಂಡ. "ನಂದು ಬೆನ್ನ ಹತ್ತಿ ಬಂದೈತಿ, ನೀರ ಹಾಕಿದ್ರ ಯಾರ ದೀಪಾನೂ ಆರೂದಿಲ್ಲ."

ದೀಪ ಹತ್ತಿತು. ಮಗ ಮಜೂರಿ ಕೊಟ್ಟ. ಮುಗಿಯಿತು ಅಂದುಕೊಂಡೆವು. ಅವನು ನನಗೆ ಹೇಳಿದ: "ಈಗ ಹೊಸ್ತಿಲ ತೊಳೀರಿ."

ನನಗೆ ಕೈ ಬರಲಿಲ್ಲ. ತಂಬಿಗೆ ಹಿಡಿದು ನಿಂತೆ.

"ಹಾಕ್ರಿ ಅಕ್ಕಾರ. ದಿನಾ ಹಾಕಿದಂಗ ಹಾಕ್ರಿ. ಅಂಜಿ ಹಾಕಿದ ನೀರು ಲೆಕ್ಕಕ್ಕ ಬರಾಂಗಿಲ್ಲ."

ಹಾಕಿದೆ. ಇನ್ನೊಂದು ಅಂದ. ಅದನ್ನೂ ಹಾಕಿದೆ. ಸಗಣಿ ಸಾರಿಸಿದೆ, ಭಂಡಾರ ಹಚ್ಚಿದೆ. ಬಿಸಿಲಿನಲ್ಲಿ ದೀಪ ಸರಿಯಾಗಿ ಕಾಣುವುದಿಲ್ಲ ಎಂದು ನನ್ನ ಕಂಬಳಿ ಕೇಳಿದ. ಅದನ್ನು ದೀಪದ ಮೇಲಿಂದ ಇಳಿಬಿಟ್ಟು, ಮೆಟ್ಟಿಲ ಮೇಲೆ ನಿಂತು, ತಲೆಯನ್ನು ಒಳಗೆ ಹಾಕಿ ನೋಡುತ್ತ ನಿಂತ. ಮಗ ನನ್ನ ಕಿವಿಯಲ್ಲಿ, "ನೆಗಡಿಗೆ ಹಬಿ ತಗೊಂಡಂಗ ನಿಂತಾನ ನೋಡು," ಅಂದ. ನಾನು ನಗಲಿಲ್ಲ.

ಹಲಗೆಗೆ ನೀರು ಇಳಿಯಲು ಹೊತ್ತು ಬೇಕು ಎಂದು ಅವನು ಸಂಜೆಯ ತನಕ ನಿಂತ. ತಾಸಿಗೊಮ್ಮೆ ಎದ್ದು ಕಂಬಳಿಯೊಳಗೆ ತಲೆ ಹಾಕಿ ಬರುತ್ತಿದ್ದ. ಮಧ್ಯಾಹ್ನ ರೊಟ್ಟಿ, ಹಿಂಡಿಪಲ್ಯ ಕೊಟ್ಟರೆ ನಮಗೆ ಬೆನ್ನು ಮಾಡಿ ಕೂತು ತಿಂದ. ಉಣ್ಣುವಾಗ ಮಾತಾಡುವವನಲ್ಲ. ಬೇರೆ ಹೊತ್ತಿನಲ್ಲೂ ಮೆತ್ತಗಿನ ಮನುಷ್ಯ ಅಲ್ಲ. ಸೊಸೆ ಹಾಡು ಗುನುಗಿದರೆ, "ತಂಗಿ, ಸ್ವಲ್ಪ ಬಂದ್ ಮಾಡು," ಅಂದ. ದೀಪ ನೋಡುವುದಕ್ಕೂ ಹಾಡಿಗೂ ಏನು ಸಂಬಂಧವೋ, ಅವನಿಗೇ ಗೊತ್ತು. ನಾನು ಅವತ್ತು ಹತ್ತು ಕೆಲಸದ ನಡುವೆ ಅವನನ್ನೇ ನೋಡುತ್ತಿದ್ದೆ. ಒಂದು ದೀಪ. ನಮ್ಮಂಥವರ ದೀಪ. ಅದಕ್ಕೆ ಇಡೀ ಒಂದು ಹಗಲು.

ಹೊತ್ತು ಮುಳುಗುವಾಗ ಒಂದು ಕುರಿ ಗುಂಪು ಬಿಟ್ಟು ಬಂದು ನೆಲ ಕೆರೆಯತೊಡಗಿತು. ಚೊಚ್ಚಲು. ನೀ‌ರು ಒಡೆಯಿತು, ಒಂದು ಗೊರಸು ಕಂಡಿತು. ಇನ್ನೊಂದು ಕಾಲು ಇಲ್ಲ, ಮೂಗೂ ಇಲ್ಲ. ತಲೆ ಹಿಂದಕ್ಕೆ ಮಡಚಿತ್ತು. ಮಗ ಕುರಿಯನ್ನು ಎತ್ತಿ ತಂದು ಬಾಗಿಲ ಮುಂದೆ ಮಲಗಿಸಿದ. ಸೊಸೆ ತಲೆ ಹಿಡಿದಳು. ನಾನು ಕೈಗೆ ಎಣ್ಣೆ ಸವರಿಕೊಂಡು ಕೂತೆ. ಬೆಳಕು ನನ್ನ ಹೆಗಲ ಮೇಲಿಂದ ನೇರ ಕೈಗೆ ಬೀಳುತ್ತಿತ್ತು.

ವಾಯರಮನ್ ಬಸ್ಸಿಗೆ ಹೊರಟು ಚೀಲ ಹಾಕಿಕೊಂಡಿದ್ದ. ಹತ್ತಿರ ಬಂದು ಬಗ್ಗಿದ. ಅವನ ನೆರಳು ಕುರಿಯ ಮೇಲೆ ಬಿತ್ತು.

"ಬೆಳಕ ಸಾಕಾಗತೈತೇನು ಅಕ್ಕಾರ?"

"ನೀವು ಸರದ್ರ ಸಾಕಾಗತೈತಿ," ಅಂದೆ.

ಸರಿದ. ನಾನು ಎರಡೂ ಕೈ ಇಟ್ಟೆ. ಒಂದು ಕೈಯಿಂದ ಮರಿಯನ್ನು ಒಳಗೆ ಒತ್ತಿ ಹಿಡಿದು, ಇನ್ನೊಂದರಿಂದ ದವಡೆ ಹುಡುಕಿ ತಲೆಯನ್ನು ಮುಂದಕ್ಕೆ ತಂದೆ. ಮಡಚಿದ ಕಾಲು ಬಿಡಿಸಿದೆ. ಕುರಿ ತಿಣುಕಿತು, ನಾನು ಎಳೆದೆ. ಬಿದ್ದ ಮರಿಗೆ ಉಸಿರಿರಲಿಲ್ಲ. ಮೂಗಿನ ಸಿಂಬಳ ತೆಗೆದು, ಹಿಂಗಾಲು ಹಿಡಿದು ಎರಡು ಸಲ ಬೀಸಿದೆ. ಸೀನಿತು. ತಾಯಿಯ ಮೂಗಿನ ಮುಂದೆ ಇಟ್ಟೆ. ತಾಯಿ ನೆಕ್ಕತೊಡಗಿತು.

ತಲೆ ಎತ್ತಿದಾಗ ಅವನು ಇರಲಿಲ್ಲ. ಬದುವಿನ ಆಚೆ ನಾಯಿಗಳು ಬೊಗಳುವುದು ಕೇಳಿತು. ಹೋಗಿ ಬರುತ್ತೇನೆ ಅಂದಿರಬೇಕು, ನನ್ನ ಕಿವಿಗೆ ಬೀಳಲಿಲ್ಲ.

ಉಳಿದ ಕುರಿಗಳೂ ಆ ದೀಪದ ಕೆಳಗೇ ಈದವು. ಅಡ್ಡ ಬಂದ ಏಳು ಮರಿ ಎಳೆದೆ, ಏಳೂ ಬದುಕಿದವು. ಆ ಮೇಲೆ ಮೂರು ಮಳೆಗಾಲ ಕಳೆದವು. ದೀಪ ಒಂದು ದಿನವೂ ಆರಲಿಲ್ಲ. ಅದಕ್ಕೇ ನಾನು ಅವನನ್ನು ಮತ್ತೆ ನೋಡಲಿಲ್ಲ.